ಎಲೆ ಹಾಸಿದವರ ಊರು

ಮತ್ತಿಕಡವು ಎಲ್ಲಿದೆ ಎಂದು ದಾಂಡೇಲಿ ಬಸ್‌ಸ್ಟ್ಯಾಂಡಿನಲ್ಲಿ ಕೇಳಿ ನೋಡಿ. ಒಬ್ಬ ಜೋಯಿಡಾ ಕಡೆ ಕೈ ತೋರಿಸುತ್ತಾನೆ, ಇನ್ನೊಬ್ಬ ಹಳಿಯಾಳದ ಕಡೆ. ಇಬ್ಬರದೂ ಸುಳ್ಳಲ್ಲ. ಕಾಳಿ ಹೊಳೆ ಅಲ್ಲಿಗೆ ಬರುವ ಹೊತ್ತಿಗೆ ಏನೋ ಮರೆತವಳ ಹಾಗೆ ತಿರುಗಿ, ಬಂದ ದಿಕ್ಕಿಗೇ ಒಂದಿಷ್ಟು ದೂರ ವಾಪಸು ಹೋಗಿ, ಮತ್ತೆ ಮನಸ್ಸು ಬದಲಿಸಿ ಮುಂದಕ್ಕೆ ಹರಿಯುತ್ತದೆ. ಆ ತಿರುವಿನ ಮಡಿಲಲ್ಲಿ ಊರು. ಮೂರು ಕಡೆ ನೀರು, ಒಂದು ಕಡೆ ಸಾಗವಾನಿ ಕಾಡು. ಮಧ್ಯೆ ಮಣ್ಣಿನ ಗೋಡೆಯ ಮನೆಗಳು ಒಂದಕ್ಕೊಂದು ಬೆನ್ನು ಕೊಟ್ಟು, ಮುಖ ಮಾತ್ರ ಹೊಳೆಯ ಕಡೆ ಮಾಡಿಕೊಂಡು ಕುಳಿತಿವೆ.

ಊರು ಎಂದದ್ದು ಮರ್ಯಾದೆಗೆ. ಸರಕಾರದ ಕಾಗದದಲ್ಲಿ ಅಂಥದ್ದೊಂದು ಊರೇ ಇಲ್ಲ. ಈ ದಂಡೆಯ ಪಂಚಾಯತಿಯವರು ‘ನೀವು ಆ ಕಡೆಯವರು’ ಎನ್ನುತ್ತಾರೆ, ಆ ದಂಡೆಯವರು ‘ನಿಮ್ಮದು ಈ ಕಡೆ’ ಎನ್ನುತ್ತಾರೆ. ಬಸ್ಸು ಹೊಳೆಯ ಆಚೆಗೇ ತಿರುಗಿಕೊಂಡು ಹೋಗುತ್ತದೆ. ಮನೆ ಕಟ್ಟಿಕೊಂಡು ಮೊಮ್ಮಕ್ಕಳನ್ನು ಕಂಡವರಿಗೂ ಆ ಮನೆಯ ಹಕ್ಕುಪತ್ರವಿಲ್ಲ. ಅಲ್ಲಿರುವವರೆಲ್ಲ ಸಿದ್ದಿಗಳು, ಎಂದೋ ಆಫ್ರಿಕಾದಿಂದ ಬಂದವರ ಪೀಳಿಗೆ. ದಿಬ್ಬದ ಮೇಲೆ ನಮಾಜು ಮಾಡುವವರು, ನೀರಿಗೆ ಹತ್ತಿರ ಶಿಲುಬೆಗೆ ದೀಪ ಹಚ್ಚುವವರು, ನಡುವೆ ಜಗಲಿಯ ಮೇಲೆ ದೇವರನ್ನಿಟ್ಟವರು. ಹಿರಿಯರ ಕಲ್ಲಿನ ಮುಂದೆ ನಿಂತಾಗ ಮಾತ್ರ ಮೂವರಿಗೂ ಒಂದೇ ಕಾಯಿ, ಒಂದೇ ಊದಿನಕಡ್ಡಿ. ಜಗಳವಾಡಲಿಕ್ಕೆ ಅವರಿಗೆ ದೇವರು ಬೇಕಾಗಿಲ್ಲ, ಕೋಳಿ ಸಾಕು.

ಫ್ಲೇವಿಯಾ ಈ ಊರಿಗೆ ಸೊಸೆಯಾಗಿ ಬಂದು ಒಂದು ವರ್ಷವಾಗಿತ್ತು. ಮುಂಡಗೋಡದ ಕಡೆಯ ಹುಡುಗಿ. ತವರಿನ ಊರು ಕಾಗದದಲ್ಲಿ ಗಟ್ಟಿಯಾಗಿ ಕುಳಿತ ಊರು. ಚರ್ಚಿದೆ, ಸಂತೆಗೆ ಹೋಗಲು ಟೆಂಪೋ ಇದೆ, ಹುಬ್ಬಳ್ಳಿ ಬಸ್ಸು ಹತ್ತಿರದಲ್ಲೇ ಸಿಗುತ್ತದೆ. ಅದನ್ನೆಲ್ಲ ಬಿಟ್ಟು ಅವಳು ಅಂಕುಶನ ಹಿಂದೆ ಬಂದಳು. ಅಂಕುಶ ರಾಫ್ಟಿಂಗ್ ದೋಣಿ ನಡೆಸುವವನು. ಬೆಂಗಳೂರು, ಪುಣೆಯಿಂದ ಬಂದವರನ್ನು ನೊರೆಯಲ್ಲಿ ಮುಳುಗಿಸಿ ಎತ್ತಿ, ಅವರಿಂದಲೇ ಶಾಬ್ಬಾಸ್ ಅನ್ನಿಸಿಕೊಳ್ಳುತ್ತಾನೆ. ಅತ್ತೆ ತುಳಸಾ ಮಾತ್ರ ನೀರಿನಷ್ಟು ಸಲೀಸಲ್ಲ. ಒಳ್ಳೆಯದನ್ನೂ ಬೈಗುಳದ ಧಾಟಿಯಲ್ಲೇ ಹೇಳುವ ಹೆಂಗಸು. ‘ಉಣ್ಣು’ ಎಂದರೆ ಎದುರಿನವರು ಏನು ತಪ್ಪು ಮಾಡಿದೆನಪ್ಪಾ ಎಂದು ಯೋಚಿಸಬೇಕು.

ಆ ದಿನ ಬೆಳಿಗ್ಗೆ ಫ್ಲೇವಿಯಾಳ ಬಾಯಲ್ಲಿ ಒಂದು ಮಾತು ಬೆಲ್ಲದ ಚೂರಿನಂತೆ ಕುಳಿತಿತ್ತು. ಅವಳು ಬಸುರಿ. ಅದು ಅವಳಿಗೂ ಮುಂಡಗೋಡದ ಅವ್ವನಿಗೂ ಮಾತ್ರ ಗೊತ್ತು. “ಗಂಡಗಿಂತ ಮೊದ್ಲ ಅತ್ತಿಗೆ ಹೇಳವಾ. ಅಕಿ ಬಾಯಿಂದ ಊರಿಗೆ ಗೊತ್ತಾಗಬೇಕು. ಅದ ಚೆಂದ,” ಎಂದು ಅವ್ವ ಫೋನಿನಲ್ಲಿ ಹೇಳಿದ್ದಳು. ಇವತ್ತು ಊರ ಎಣಿಕೆ ಮುಗಿದ ಮೇಲೆ, ಎಲ್ಲರೂ ಖುಷಿಯಲ್ಲಿದ್ದಾಗ ಹೇಳಬೇಕೆಂದು ಫ್ಲೇವಿಯಾ ಕಾದಿದ್ದಳು.

ಎಣಿಕೆ ಎಂದರೆ ಸಣ್ಣ ವಿಷಯವಲ್ಲ. ಅರ್ಜಿ ಕೊಟ್ಟು ಕೊಟ್ಟು ಊರವರ ಚಪ್ಪಲಿ ಸವೆದ ಮೇಲೆ ತಹಶೀಲ್ದಾರ ಕಚೇರಿಯಿಂದ ಉದಯಕುಮಾರ ಎಂಬ, ಊರ ಲೆಕ್ಕ ಬರೆಯುವ ತಲಾಟಿ ಬಂದಿದ್ದ. ಹಳಿಯಾಳದವನು, ಇನ್ನೂ ಮೀಸೆ ಸರಿಯಾಗಿ ಕೂಡದ ವಯಸ್ಸು, ಮಾತು ಮೆತ್ತಗೆ. ಈ ತಿರುವಿನಲ್ಲಿ ನೂರು ಜನ ವಾಸವಿದ್ದಾರೆ ಎಂದು ಅವನು ಬರೆದುಕೊಂಡು ಹೋದರೆ ಮತ್ತಿಕಡವು ಸ್ವಂತ ಹೆಸರಿನ ಊರಾಗುವ ದಾರಿಗೆ ಬೀಳುತ್ತದೆ. ನೂರಕ್ಕೆ ಕಡಿಮೆಯಾದರೆ ಇಲ್ಲ. ಫೈಲು ಸಂಜೆಗೇ ಮುಚ್ಚುತ್ತದೆ.

ಉದಯಕುಮಾರ ತುಳಸಾಳ ಮನೆಗೆ ಬಂದಾಗ ಫ್ಲೇವಿಯಾ ಚಹಾ ತಂದಳು.

“ಮನ್ಯಾಗ ಯಾರ್ಯಾರು ಇರ್ತೀರಿ, ಅಕ್ಕಾರ?”

“ನಾನು, ನನ್ನ ಮಗ ಅಂಕುಶ. ಇಬ್ಬರ,” ಎಂದಳು ತುಳಸಾ.

ಉದಯಕುಮಾರ ಕಪ್ಪು ತೆಗೆದುಕೊಳ್ಳುತ್ತ ಫ್ಲೇವಿಯಾಳ ಕಡೆ ನೋಡಿದ. “ಮತ್ತ ಇವರು?”

“ಅಕಿ ಮುಂಡಗೋಡದಾಕಿ,” ಎಂದಳು ತುಳಸಾ, ಕಣ್ಣು ಹೊಳೆಯ ಕಡೆ ಇಟ್ಟು. “ಬಂದು ಹೋಗೂ ಪೈಕಿ.”

ಉದಯಕುಮಾರ ಬರೆದುಕೊಂಡ, ಚಹಾ ಚೊಲೋ ಆಗೇತಿ ಎಂದ, ಮುಂದಿನ ಮನೆಗೆ ಹೋದ. ಫ್ಲೇವಿಯಾ ಖಾಲಿ ಕಪ್ಪು ಹಿಡಿದು ಒಲೆಯ ಹತ್ತಿರ ನಿಂತಳು. ಅವಳಿಗೆ ಮೊದಲು ಸಿಟ್ಟು ಬಂತು, ಆಮೇಲೆ ಅಳು ಬಂತು, ಆಮೇಲೆ ಎರಡೂ ಒಟ್ಟಿಗೇ ಬಂದು ಯಾವುದಕ್ಕೆ ದಾರಿ ಬಿಡುವುದೆಂದು ತಿಳಿಯದೆ ಅವಳು ಕಪ್ಪು ತೊಳೆದಳು. ಒಂದು ವರ್ಷ ಈ ಮನೆಯ ನೀರು ಹೊತ್ತಿದ್ದೇನೆ. ಈ ಮನೆಯ ಮಗುವನ್ನು ಹೊತ್ತಿದ್ದೇನೆ. ನಾನು ಬಂದು ಹೋಗುವವಳೇ? ಕೊರಳಲ್ಲಿ ಶಿಲುಬೆ ಇದ್ದದ್ದಕ್ಕೇ ಎಂದು ಒಂದು ಕ್ಷಣ ಅನ್ನಿಸಿತು. ಆದರೆ ಪಕ್ಕದ ಮನೆಯಲ್ಲೂ ಶಿಲುಬೆ ಇತ್ತು, ಅಲ್ಲಿಗೆ ತುಳಸಾ ದಿನಾ ಹೋಗಿ ಎಲೆಯಡಿಕೆ ಹಾಕುತ್ತಿದ್ದಳು. ಹಾಗಾದರೆ ಕಾರಣ ತಾನೇ ಇರಬೇಕು. ಬಾಯಲ್ಲಿದ್ದ ಬೆಲ್ಲದ ಮಾತನ್ನು ಅವಳು ನುಂಗಿಬಿಟ್ಟಳು.

ಮಧ್ಯಾಹ್ನದ ಹೊತ್ತಿಗೆ ಉದಯಕುಮಾರ ಕೊನೆಯ ಮನೆ ಮುಗಿಸಿ ಹಿರಿಯರ ಕಲ್ಲಿನ ಹತ್ತಿರ ಕುಳಿತು ಕೂಡಿಸಿದ. ಮತ್ತೊಮ್ಮೆ ಕೂಡಿಸಿದ. ಮುಖ ಸಣ್ಣದಾಯಿತು.

“ಎಂಬತ್ತರ ಮ್ಯಾಲ ಹೋಗವಲ್ದ್ರಿ,” ಎಂದ. “ನಾನೂ ಆಗ್ಲಿ ಅಂತನ ಬಂದೇನಿ. ಆದ್ರ ಇಲ್ಲದ ಜನಾನ ಎಲ್ಲಿಂದ ತರ್ಲಿ?”

ಸುತ್ತ ನಿಂತವರು ಒಬ್ಬರ ಮುಖ ಒಬ್ಬರು ನೋಡಿದರು. ಪ್ರತಿಯೊಬ್ಬನ ಮುಖದಲ್ಲೂ ಅರ್ಧ ದುಃಖ, ಅರ್ಧ ಕಳ್ಳತನ. ಫ್ಲೇವಿಯಾಳಿಗೆ ಅದು ವಿಚಿತ್ರವೆನಿಸಿತು. ಊರು ಕೈತಪ್ಪುತ್ತಿದೆ, ಒಬ್ಬರೂ ‘ಸರಿಯಾಗಿ ನೋಡ್ರಿ ಸಾಹೇಬ್ರ’ ಎನ್ನುತ್ತಿಲ್ಲ. ಕಾಗದದ ಗಿರಣಿಯಲ್ಲಿ ಆಯುಷ್ಯ ಕಳೆದು, ಬಂಗೂರನಗರದ ಕ್ವಾರ್ಟರ್ಸ್ ಬಿಟ್ಟು ಇಲ್ಲಿಗೇ ಮರಳಿದ ಹುಸೇನಸಾಬ ಊರಿಗೆಲ್ಲ ಹಿರಿಯ. ಅಂಥ ಮಾತುಗಾರನೂ ಗಡ್ಡ ತುರಿಸಿಕೊಂಡು ಸುಮ್ಮನಿದ್ದ.

ಉದಯಕುಮಾರ ಹೊರಡಲು ಎದ್ದ. ಹೊರಡಲು ಹೊಳೆ ಬಿಡಬೇಕಲ್ಲ. ಮೇಲೆ ಡ್ಯಾಮಿನಲ್ಲಿ ನೀರು ನಿಲ್ಲಿಸಿದ್ದರು. ಬೆಳಿಗ್ಗೆ ಅವನನ್ನು ದಾಟಿಸಿದ ಹೊಳೆ ಈಗ ಬಂಡೆಗಳ ಬೆನ್ನು ತೋರಿಸುತ್ತ ಇಳಿದಿತ್ತು. ದೋಣಿಗೆ ಕಡಿಮೆ, ಕಾಲಿಗೆ ಹೆಚ್ಚು. “ಸಂಜೀಕ ನೀರು ಬಿಡ್ತಾರ. ಅಲ್ಲೀ ತನಕ ನೀವು ನಮ್ಮ ಕೈದಿ,” ಎಂದು ಅಂಕುಶ ನಕ್ಕ.

ನೀರು ಇಳಿಯಿತೆಂದರೆ ಮತ್ತಿಕಡವಿನಲ್ಲಿ ದುಃಖಕ್ಕೂ ರಜೆ. ಬಂಡೆಗಳ ನಡುವಿನ ಗುಂಡಿಗಳಲ್ಲಿ ಮೀನು ಸಿಕ್ಕಿಬಿದ್ದಿರುತ್ತವೆ. ಯಾರೋ ದಿಬ್ಬದ ಮೇಲಿಂದ ಕೂಗು ಹಾಕಿದರು. ಬುಟ್ಟಿ, ಬಲೆ, ಹಳೆಯ ಸೀರೆ, ಸೊಳ್ಳೆಪರದೆ, ಕೈಗೆ ಸಿಕ್ಕಿದ್ದನ್ನು ಹಿಡಿದು ಇಡೀ ಊರು ಹೊಳೆಗೆ ಇಳಿಯಿತು. ಸೊಂಟ ನೋವೆಂದು ಬೆಳಿಗ್ಗೆಯಿಂದ ಮಲಗಿದ್ದ ಮುದುಕಿಯರು ಮೊದಲು ಇಳಿದರು. ಹುಸೇನಸಾಬ ಮತ್ತು ಅವನ ಹೆಂಡತಿ ಸಕೀನಾ ಒಂದೇ ಸೀರೆಯ ಎರಡು ತುದಿ ಹಿಡಿದು, ಮೀನು ನಿನ್ನ ಕಡೆಯಿಂದ ತಪ್ಪಿತು, ನಿನ್ನ ಕಡೆಯಿಂದ ತಪ್ಪಿತು ಎಂದು ಜಗಳವಾಡಿದರು. ಆ ಗದ್ದಲದಲ್ಲಿ ಮೂರು ಬಾಳೆಮೀನು ನಿಜವಾಗಿಯೂ ತಪ್ಪಿಸಿಕೊಂಡವು. ಉದಯಕುಮಾರನೂ ಪ್ಯಾಂಟು ಮಡಚಿ ಇಳಿದ. ಏಡಿಯೊಂದು ಅವನ ಹೆಬ್ಬೆರಳು ಹಿಡಿದಾಗ ಅವನು ಹಾರಿದ್ದನ್ನು ಕಂಡು ಮಕ್ಕಳು ನೀರಿನಲ್ಲೇ ಬಿದ್ದು ನಕ್ಕರು. ಸಿಟ್ಟಿನಲ್ಲಿದ್ದ ಫ್ಲೇವಿಯಾಳಿಗೂ ನಗು ಬಂತು. ತಕ್ಷಣ ತನಗೆ ಬೇಜಾರಾಗಿದೆ ಎಂದು ನೆನಪಿಸಿಕೊಂಡಳು.

ಬಿಸಿಲು ಇಳಿಯುವ ಹೊತ್ತಿಗೆ ದಂಡೆಯ ಮೇಲೆ ಮೀನಿನ ರಾಶಿ ಬಿತ್ತು. ಬಾಳೆಮೀನು, ಸೀಗಡಿ, ಏಡಿ, ಹೆಸರಿಲ್ಲದ ಬೆಳ್ಳಿ ಮರಿಗಳು. ಪಾಲು ಹಾಕುವವಳು ತುಳಸಾ. ಅವಳ ಕೈ ತಕ್ಕಡಿ ಎಂದು ಊರು ಒಪ್ಪಿಕೊಂಡಿತ್ತು. ಪಾಲಿನ ಪದ್ಧತಿ ಇಲ್ಲಿ ಬೇರೆ. ಯಾರೂ ತಲೆ ಎಣಿಸುವುದಿಲ್ಲ. ಪ್ರತಿಯೊಬ್ಬರೂ ಒಂದು ಸಾಗವಾನಿ ಎಲೆ ತಂದು ತಮ್ಮ ಮನೆಯ ಸಾಲಿನಲ್ಲಿ ತಾವೇ ಹಾಸಬೇಕು. ಕೈಗೂಸಿನ ಎಲೆಯನ್ನು ತಾಯಿ ಹಾಸುತ್ತಾಳೆ. ಹಿರಿಯರ ಕಲ್ಲಿನ ಮುಂದೆ ಒಂದು, ಊರ ನಾಯಿಗಳಿಗೆಲ್ಲ ಸೇರಿ ಒಂದು. ದಂಡೆಯ ಮೇಲೆ ನಿಂತ ಅತಿಥಿಗೂ ಒಂದು. ಹೊಟ್ಟೆಯಲ್ಲಿದ್ದ ಕೂಸಿಗೂ ಬಸುರಿ ಒಂದು ಎಲೆ ಹಾಸುತ್ತಾಳೆ. ಹೋದ ವರ್ಷ ಸಕೀನಾಳ ಸೊಸೆ ಕೈನಾತ ಹಾಗೆ ಎರಡು ಎಲೆ ಹಾಸಿದಾಗ ಇಡೀ ದಂಡೆ ಕೇಕೆ ಹಾಕಿದ್ದನ್ನು ಫ್ಲೇವಿಯಾ ಕಂಡಿದ್ದಳು. ಒಬ್ಬರ ಎಲೆಯನ್ನು ಇನ್ನೊಬ್ಬರು ಹಾಸುವಂತಿಲ್ಲ. ಎಲ್ಲರ ಎಲೆ ಬೀಳುವವರೆಗೆ ಒಂದು ಸೀಗಡಿಯೂ ಕದಲುವಂತಿಲ್ಲ.

ಎಲೆಗಳು ಬಿದ್ದವು. ಅಂಕುಶ ತನ್ನದನ್ನು ಹಾಸಿದ, ತುಳಸಾ ತನ್ನದನ್ನು. ಫ್ಲೇವಿಯಾ ಮಾತ್ರ ಎಲೆಯನ್ನು ಕೈಯಲ್ಲಿ ಹಿಡಿದು ಬಂಡೆಯ ಪಕ್ಕ ನಿಂತಳು.

“ಹಾಸವಾ,” ಎಂದಳು ತುಳಸಾ.

“ನಾ ಮುಂಡಗೋಡದಾಕಿ ಅಲ್ಲೇನ್ರಿ ಅತ್ತಿ,” ಎಂದಳು ಫ್ಲೇವಿಯಾ. “ಬಂದು ಹೋಗೂ ಪೈಕಿ. ನನಗ್ಯಾಕ ಪಾಲು?”

ಅಂಕುಶ ಅವ್ವನನ್ನೂ ಹೆಂಡತಿಯನ್ನೂ ನೋಡಿ, ಇಬ್ಬರ ನಡುವೆ ಸಿಕ್ಕ ಗಂಡಸರು ಮಾಡುವುದನ್ನೇ ಮಾಡಿದ. ಮೀನಿನ ರಾಶಿಯನ್ನು ಸರಿಮಾಡತೊಡಗಿದ. ತುಳಸಾ ಬಾಯಿ ತೆರೆದಳು, ಮುಚ್ಚಿದಳು. ಬೈಗುಳವಿಲ್ಲದೆ ಅವಳಿಗೆ ಮಾತು ಶುರುಮಾಡಲು ಬರುತ್ತಿರಲಿಲ್ಲ, ಇವತ್ತು ಬೈಗುಳವೂ ಬರಲಿಲ್ಲ.

ಅಷ್ಟರಲ್ಲಿ ಉದಯಕುಮಾರನ ದನಿ ಕೇಳಿಸಿತು. ಅವನು ಎಲೆಗಳ ಸಾಲಿನ ಪಕ್ಕ ನಡೆಯುತ್ತ, ಬೆರಳು ಮಡಚುತ್ತ, ಮತ್ತೆ ಹಿಂದೆ ಬರುತ್ತಿದ್ದ.

“ಹುಸೇನಸಾಬ್ರ, ಇಲ್ನೋಡ್ರಿ, ನಾಯಿದು, ಹಿರ್ಯಾರದು, ನಂದು ಬಿಟ್ರೂ ನೂರು ದಾಟತಾವಲ್ರಿ ಈ ಎಲಿ. ನನಗ ಹೇಳಿದ್ದು ಎಂಬತ್ತು. ಉಳಿದವರು ಹೊಳ್ಯಾಗಿಂದ ಎದ್ದು ಬಂದ್ರೇನು?”

ದೊಡ್ಡವರು ಬಲೆ ಕೊಡವತೊಡಗಿದರು. ಮಕ್ಕಳೂ ಕಾಲಿನ ಬೆರಳು ನೋಡಿಕೊಂಡರು.

“ನಮ್ಮ ಮಾತು ಬಿಡ್ರಿ. ನಿಮ್ಮ ಮನಿ ಹೇಳ್ರಿ ಮೊದ್ಲ. ಎಷ್ಟು ಮಂದಿ ಅದೀರಿ?” ಎಂದು ಹುಸೇನಸಾಬ ಜಾರಿಕೊಳ್ಳಲು ನೋಡಿದ.

“ನಾ ಹಳಿಯಾಳದಾವ ರೀ. ನಮ್ಮ ಮನೀ ಲೆಕ್ಕ ನಮ್ಮ ಊರಾಗೈತಿ,” ಎಂದ ಉದಯಕುಮಾರ. ಅವನಿಗೆ ಸಿಟ್ಟು ಬಂದಿರಲಿಲ್ಲ, ಕುತೂಹಲ ಬಂದಿತ್ತು. “ಹೇಳ್ರಿ ಕಾಕಾ. ಯಾಕ ಮುಚ್ಚಿಟ್ರಿ?”

ಹುಸೇನಸಾಬ ಕೈಯಲ್ಲಿದ್ದ ಒದ್ದೆ ಸೀರೆ ಹಿಂಡಿದ. ಆಮೇಲೆ ಹೇಳಿದ. ಅವನ ಅಜ್ಜನಿಗೆ ಅವನ ಅಜ್ಜ ಹೇಳಿದ ಮಾತು ಅದು. “ನಮ್ಮ ಹಿರ್ಯಾರನ್ನ ಹಡಗದಾಗ ತುಂಬಿ ತಂದವ್ರು ಎಣಿಸಿ ಹತ್ತಿಸಿದ್ರಂತ, ಎಣಿಸಿ ಇಳಿಸಿದ್ರಂತ. ಆಮ್ಯಾಲ ಕಟಗೀ ಗುತ್ತಿಗಿದಾರ್ರು ಬಂದ್ರು, ಅವರೂ ಎಣಿಸಿದ್ರು, ಒಯ್ದ್ರು. ಎಣಿಸಾಕ ಬಂದಾವ ಒಯ್ಯಾಕ ಬಂದಿರ್ತಾನ, ಅಂತ ನಮ್ಮಲ್ಲೆ ಮಾತೈತಿ ಸಾಹೇಬ್ರ. ಅದಕ್ಕ ಮನೀಗೊಬ್ಬರನ್ನ ಮುಚ್ಚಿಡೂದು. ಹೇಳಿದ್ದನ್ನೆಲ್ಲಾ ಒಯ್ದರೂ ಆ ಒಬ್ಬರು ಉಳೀಬೇಕು.” ಸೀರೆಯನ್ನು ಇನ್ನೊಮ್ಮೆ ಹಿಂಡಿ ಸೇರಿಸಿದ. “ನೀವು ಒಯ್ಯಾಕ ಬಂದಿಲ್ಲ ಅಂತ ಗೊತ್ತೈತ್ರಿ. ಬುದ್ಧಿಗೆ ಗೊತ್ತೈತಿ. ಬಾಯಿಗೆ ಗೊತ್ತಿಲ್ಲ.”

ಉದಯಕುಮಾರ ಮತ್ತೆ ಪೆನ್ನು ತೆಗೆದ. “ಒಯ್ಯಾಕ ಅಲ್ರಿ ಕಾಕಾ, ಕೊಡಾಕ ಬಂದೇನಿ. ಮನೀಗೊಬ್ಬರು ಅಂದ್ರ ಯಾರು? ಈಗ ಹೇಳ್ರಿ, ಹೆಸರು ಬರಕೋತೇನಿ.”

“ಯಾರು ಹೋದ್ರ ಮನಿ ನಿಲ್ಲೂದಿಲ್ಲೋ, ಅವರು,” ಎಂದು ಹುಸೇನಸಾಬ ಗೊಣಗಿದ.

“ಹಂಗಾರ ನಿಮ್ಮ ಮನ್ಯಾಗ?”

ಹುಸೇನಸಾಬ ಆಕಾಶ ನೋಡಿದ, ಹೊಳೆ ನೋಡಿದ, ಸೀರೆಯ ಇನ್ನೊಂದು ತುದಿ ಹಿಡಿದು ನಿಂತಿದ್ದವಳನ್ನು ನೋಡಿದ. “ಈಕಿ,” ಎಂದ. “ಸಕೀನಾ.”

ಊರಿಗೆ ಊರೇ ಬಿದ್ದು ಬಿದ್ದು ನಕ್ಕಿತು. ದಿನ ಬೆಳಗಾದರೆ ‘ನಿನ್ನ ಕಟಗೊಂಡು ಹಾಳಾದೆ’ ಎಂದು ದಿಬ್ಬದ ಮೇಲಿಂದ ಹೊಳೆಗೆ ಕೇಳುವಂತೆ ಕೂಗುತ್ತಿದ್ದ ಗಂಡಸು ಅವನು. ಸಕೀನಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮುಚ್ಚಿದ್ದು ನಗುವೋ ಅಳುವೋ ಅವಳಿಗೇ ಗೊತ್ತು. “ಮುದುಕಗ ಚಹಾ ಮಾಡಾಕ ಬರೂದಿಲ್ಲ. ಅದಕ್ಕ ಮುಚ್ಚಿಟ್ಟಾನ,” ಎಂದಳು. ಸೀರೆಯ ತುದಿಯನ್ನು ಮಾತ್ರ ಬಿಡಲಿಲ್ಲ.

ಆಮೇಲೆ ಕಟ್ಟೆ ಒಡೆಯಿತು. ಒಬ್ಬ ತನ್ನ ಕುರುಡು ತಾಯಿಯ ಹೆಸರು ಹೇಳಿದ. ಒಬ್ಬಳು ಕುಡುಕ ತಮ್ಮನ ಹೆಸರು ಹೇಳಿ ತಾನೇ ನಾಚಿಕೊಂಡಳು. ಒಂದು ಮನೆಯಲ್ಲಿ ಅಪ್ಪ ಮುಚ್ಚಿಟ್ಟದ್ದು ದೊಡ್ಡ ಮಗಳನ್ನು. ತಾಯಿ ಸಣ್ಣವಳನ್ನಲ್ಲವೇ ಎಂದು ವಾದಕ್ಕೆ ನಿಂತಳು, ಅಲ್ಲೊಂದು ಹೊಸ ಜಗಳವೇ ಹುಟ್ಟಿತು. ಉದಯಕುಮಾರ ನಗುತ್ತ ಬರೆದ, ಬರೆಯುತ್ತ ನಕ್ಕ. ನೂರು ದಾಟಿತೆಂದು ಅವನು ಕೈ ಎತ್ತಿದಾಗ ಡಮಾಮಿ ಬಾರಿಸುವವನು ಡೋಲು ತರಲು ಮನೆಗೆ ಓಡಿದ.

ಫ್ಲೇವಿಯಾ ಎಲ್ಲವನ್ನೂ ಕೇಳುತ್ತಿದ್ದಳು. ಎಲೆ ಇನ್ನೂ ಕೈಯಲ್ಲೇ ಇತ್ತು.

ಉದಯಕುಮಾರ ತುಳಸಾಳ ಸಾಲಿಗೆ ಬಂದ. “ಅಕ್ಕಾರ, ನಿಮ್ಮ ಸಾಲಿನ್ಯಾಗ ಎಲಿ ಎರಡ ಅದಾವು. ನೀವು ಹೇಳಿದ್ದೂ ಇಬ್ಬರ. ನಿಮ್ಮ ಮನ್ಯಾಗ ಯಾರನ್ನೂ ಮುಚ್ಚಿಟ್ಟಿಲ್ಲೇನ್ರಿ?”

ತುಳಸಾಳ ಒಣಗಿದ ಕಪ್ಪು ಮುಖದ ಮೇಲೆ ಯಾರೂ ಎಂದೂ ಕಾಣದ ಒಂದು ಅಂಜಿಕೆ ಬಂದು ಕುಳಿತಿತ್ತು. ಅವಳು ತನ್ನನ್ನು ಮುಚ್ಚಿಡಬಹುದಿತ್ತು, ಮುಚ್ಚಿಟ್ಟಿರಲಿಲ್ಲ. ತನ್ನನ್ನೇ ಮೊದಲು ಬರೆಸಿದ್ದಳು. ಇದ್ದ ಒಬ್ಬ ಮಗನನ್ನು ಮುಚ್ಚಿಡಬಹುದಿತ್ತು, ಅವನ ಹೆಸರನ್ನೂ ಬಾಯಿಬಿಟ್ಟು ಹೇಳಿದ್ದಳು. ಇದು ಅಂಕುಶನಿಗೆ ಈಗ ಹೊಳೆಯಿತು. “ಅವ್ವಾ, ನನ್ನ ಒಯ್ದ್ರ ನಡೀತಿತ್ತೇನು?” ಎಂದ, ಮೀನಿನ ರಾಶಿ ಬಿಟ್ಟೆದ್ದು.

“ನೀ ಈಸಿ ಬರ್ತಿ,” ಎಂದಳು ತುಳಸಾ. “ಹೆಂಗರ ಹೊಳ್ಳಿ ಬರ್ತಿ.” ಆಮೇಲೆ ಫ್ಲೇವಿಯಾಳ ಕಡೆ ಕೈ ಮಾಡಿದಳು. ಕೈ ಮಾಡಿದ್ದೂ ಬೈಯುವ ಹಾಗೇ ಇತ್ತು. “ಅಕಿನ್ನ ಬರಕೋರಿ ಸಾಹೇಬ್ರ. ಫ್ಲೇವಿಯಾ. ನನ್ನ ಸೊಸಿ. ಮುಂಡಗೋಡದಾಗ ಹುಟ್ಯಾಳ, ಅದು ಅಕಿ ತಪ್ಪಲ್ಲ. ಇಲ್ಲ್ಯಾಕಿ. ಗಂಡ ಸತ್ತ ಮ್ಯಾಲ ನನ್ನ ಮನಿ ಬರೇ ಗ್ವಾಡಿ ಇತ್ತು. ಈಕಿ ಬಂದ ಮ್ಯಾಲ ಮನಿ ಆತು. ಮೂರು ಮಂದಿ ಬರೀರಿ. ಎದಿ ಹೊಡಕೋತೈತಿ, ಆದ್ರೂ ಬರೀರಿ.”

ಫ್ಲೇವಿಯಾಳ ಕಣ್ಣು ತುಂಬಿ ಹೊಳೆ ಎರಡಾಗಿ ಕಂಡಿತು. ಎಷ್ಟು ಹುಚ್ಚಿ ನಾನು ಎಂದುಕೊಂಡಳು. ಎಷ್ಟು ಹುಚ್ಚಿ ಇವಳು ಎಂದೂ ಅಂದುಕೊಂಡಳು. ಅವಳ ಮೈಯೆಲ್ಲ ಹಗುರಾಯಿತು. ಬೆಳಿಗ್ಗೆ ನುಂಗಿದ ಮಾತು ತಾನಾಗಿ ಮೇಲೆ ಬರುತ್ತಿತ್ತು, ಆದರೆ ಈಗ ಅದನ್ನು ಬಾಯಲ್ಲಿ ಹೇಳಬೇಕಾಗಿಯೇ ಇರಲಿಲ್ಲ. ಅವಳು ಮುಂದೆ ಬಂದು ಅಂಕುಶನ ಎಲೆಯ ಪಕ್ಕದಲ್ಲಿ ತನ್ನ ಎಲೆ ಹಾಸಿದಳು. ದಂಡೆಯ ಮರದಿಂದ ಇನ್ನೊಂದು ಎಲೆ ಕಿತ್ತಳು. ಎಳೆಯದು, ಅಂಗೈಯಷ್ಟೇ ಇತ್ತು. ಅದನ್ನು ತನ್ನ ಎಲೆಗೆ ತಾಗಿಸಿ ಇಟ್ಟಳು.

ಮೊದಲು ಕಂಡದ್ದು ಸಕೀನಾಳಿಗೆ. ಅವಳು “ಯಾ ಅಲ್ಲಾ” ಎಂದು ಎದೆಯ ಮೇಲೆ ಕೈ ಇಟ್ಟುಕೊಂಡಳು. ಹೆಂಗಸರ ಸಾಲಿನಲ್ಲಿ ಗುಸುಗುಸು ಹರಿದು, ಕೇಕೆಯಾಗಲು ಬಾಯಿ ತೆರೆದು, ತುಳಸಾಳ ಮುಖ ನೋಡಿ ಗಂಟಲಲ್ಲೇ ನಿಂತಿತು. ಅಂಕುಶ ಎರಡು ಎಲೆಗಳನ್ನೂ ಹೆಂಡತಿಯನ್ನೂ ನೋಡುತ್ತ ಬಾಳೆಮೀನೊಂದನ್ನು ಕೈಯಲ್ಲಿ ಹಿಡಿದು ಹಾಗೇ ನಿಂತುಬಿಟ್ಟ. ತುಳಸಾ ಆ ಎಳೆಯ ಎಲೆಯನ್ನೇ ನೋಡಿದಳು.

“ಅಕ್ಕಾರ,” ಎಂದ ಉದಯಕುಮಾರ, ಪೆನ್ನು ಹಿಡಿದು. “ಈ ಸಣ್ಣ ಎಲಿ ಯಾರದ್ರಿ?”

ತುಳಸಾ ಒಂದೇ ಹೆಜ್ಜೆಗೆ ಮುಂದೆ ಬಂದು ಅವನಿಗೂ ಎಲೆಗೂ ನಡುವೆ ನಿಂತಳು.

“ಅದು ನಾಯಿದು ರೀ.”

“ನಾಯಿದು ಆಗಳೇ ಹಾಸೀರಲ್ರಿ, ಅಲ್ಲೆ.”

“ಇನ್ನೊಂದು ನಾಯಿ ಐತಿ,” ಎಂದಳು ತುಳಸಾ. ಅವಳ ಕಣ್ಣಿಂದ ನೀರು ಧಾರಾಕಾರ ಇಳಿಯುತ್ತಿತ್ತು. “ಬರಕೋಬ್ಯಾಡ್ರಿ.”

ಫ್ಲೇವಿಯಾ ಅತ್ತೆಯ ಬೆನ್ನ ಹಿಂದೆ ನಿಂತು, ಹೊಟ್ಟೆ ಹಿಡಿದುಕೊಂಡು ನಕ್ಕಳು.